ದಾವಣಗೆರೆಯಿಂದ ಉಡುಪಿಗೆ ಸೈಕಲ್: ನಕ್ಷೆಗಿಂತ ಮೊದಲು ಮೊಣಕಾಲು

ಸರಸ್ವತಿ ನಗರದ ತಂದೆ-ಮಗ ಒಂದು ಸಂಜೆ ಬಂದು ಕುಳಿತರು. ಮಗನಿಗೆ ಇಪ್ಪತ್ತು, ಎಂಜಿನಿಯರಿಂಗ್ ಓದುತ್ತಿದ್ದಾನೆ. ತಂದೆಗೆ ಐವತ್ತೆರಡು, ನಾಲ್ಕು ವರ್ಷದಿಂದ ರಕ್ತದೊತ್ತಡಕ್ಕೆ ಗುಳಿಗೆ ನುಂಗುತ್ತಿದ್ದಾರೆ. ಸೈಕಲ್ ಮೇಲೆ ಉಡುಪಿಗೆ ಹೋಗಬೇಕೆಂಬುದು ಮಗನ ಆಸೆ. ಒಬ್ಬನನ್ನೇ ಕಳಿಸುವುದಿಲ್ಲ, ತಾನೂ ಬರುತ್ತೇನೆಂಬುದು ತಂದೆಯ ಹಟ. ಇಬ್ಬರೂ ಹೋಗುವುದು ಬೇಡವೆಂಬುದು ಮನೆಯಾಕೆಯ ತೀರ್ಪು. ಮಗ ಮೊಬೈಲಿನಲ್ಲಿ ದಾರಿ ಗುರುತು ಮಾಡಿಕೊಂಡೇ ಬಂದಿದ್ದ: ಎರಡು ದಿನ, ದಿನಕ್ಕೆ 120 ಕಿ.ಮೀ., ಮೇ ತಿಂಗಳ ರಜೆಯಲ್ಲಿ.

ಹೋಗಬೇಡಿ ಎನ್ನಲು ನನಗೆ ಕಾರಣ ಕಾಣಲಿಲ್ಲ. ಹೀಗೆ ಹೋಗಬೇಡಿ ಎನ್ನಲು ಬೇಕಾದಷ್ಟಿತ್ತು. ಆ ತಾಯಿಯ ಆತಂಕಕ್ಕೂ ಅರ್ಥವಿದೆ. ಐವತ್ತು ದಾಟಿದ ದೇಹ ಎರಡನೆಯ ದಿನ ಮಧ್ಯಾಹ್ನ, ನೀರು ಮುಗಿದ ಹೊತ್ತಿನಲ್ಲಿ, ಮಗನ ಹಿಂದೆ ಬೀಳಬಾರದೆಂದು ತುಳಿಯುತ್ತಿರುವಾಗಲೇ ಕೈಕೊಡುವುದು. ದೂರದ ಸೈಕಲ್ ಯಾತ್ರೆಯ ದಾರಿಯನ್ನು ತಂಡದ ಅತ್ಯಂತ ದುರ್ಬಲ ದೇಹಕ್ಕೆ ಹೊಂದಿಸಿ ಗೊತ್ತು ಮಾಡಬೇಕು. ದಿಕ್ಕು, ತಿಂಗಳು, ದಿನದ ದೂರ, ರಾತ್ರಿಯ ತಂಗು, ಎಲ್ಲವೂ ಆಮೇಲೆ ತಾವಾಗಿಯೇ ತೀರ್ಮಾನವಾಗುತ್ತವೆ.

ಹೊಳೆಯ ಜೊತೆಗಿನ ದಾರಿ

ಸೈಕಲಿಗೆ ನಾನು ಹೇಳುವುದು ಹೊಳೆಯ ದಾರಿಯನ್ನು. ವೇಗದ ಹೆದ್ದಾರಿ ಬಿಟ್ಟು ಹಳೆ ಪಿ.ಬಿ. ರಸ್ತೆಯಲ್ಲಿ ದೊಡ್ಡಬಾತಿ ದಾಟಿ ಹರಿಹರ. ಅಲ್ಲಿಂದ ಮಲೇಬೆನ್ನೂರು, ಹೊನ್ನಾಳಿ, ಶಿವಮೊಗ್ಗ. ಮುಂದೆ ಗಾಜನೂರು, ಸಕ್ರೆಬೈಲು, ಮಂಡಗದ್ದೆ, ತೀರ್ಥಹಳ್ಳಿ, ಆಗುಂಬೆ. ಘಾಟಿ ಇಳಿದರೆ ಸೋಮೇಶ್ವರ, ಹೆಬ್ರಿ, ಉಡುಪಿ. ಒಟ್ಟು ಸುಮಾರು 240 ಕಿ.ಮೀ. ಹರಿಹರದಲ್ಲಿ ಸಿಗುವ ತುಂಗಭದ್ರೆ ಹೊನ್ನಾಳಿಯಲ್ಲಿ ಮತ್ತೆ ಕಾಣುತ್ತಾಳೆ. ತುಂಗೆ, ಭದ್ರೆ ಸೇರುವ ಕೂಡಲಿಯಿಂದ ಮೇಲಕ್ಕೆ ತೀರ್ಥಹಳ್ಳಿಯವರೆಗೂ ತುಂಗೆ ಒಂದಲ್ಲ ಒಂದು ಕಡೆ ಎದುರಾಗುತ್ತಾಳೆ. ನೋಟಕ್ಕೆ ಚೆಂದ ಎಂಬುದೊಂದೇ ಇದರ ಗುಣವಲ್ಲ. ಹೊಳೆಯ ಬಯಲನ್ನು ಹಿಡಿದು ಹೋಗುವ ರಸ್ತೆ ಸಾಮಾನ್ಯವಾಗಿ ನಿಧಾನವಾಗಿ ಏರುತ್ತದೆ. ನಿಧಾನದ ಏರು ಹೃದಯಕ್ಕೂ ಮೊಣಕಾಲಿಗೂ ಒಗ್ಗುತ್ತದೆ.

ಮಲೆನಾಡು ಎಂದೊಡನೆ ಎತ್ತರ ಎಂದುಕೊಳ್ಳುತ್ತೇವೆ. ಸಮುದ್ರಮಟ್ಟದಿಂದ ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ಆಗುಂಬೆ ಸುಮಾರು 650. ಸುಮಾರು 185 ಕಿ.ಮೀ. ತುಳಿದರೂ ಕೊನೆಗೆ ಏರಿದ್ದು ಐವತ್ತೇ ಮೀಟರ್! ನಡುವಿನ ಏರಿಳಿತದ ಲೆಕ್ಕ ಬೇರೆ. ಮಂಡಗದ್ದೆ ದಾಟಿದ ಮೇಲೆ ಅದು ತೊಡೆಗಳಿಗೆ ಚೆನ್ನಾಗಿಯೇ ತಿಳಿಯುತ್ತದೆ. ಈ ಎತ್ತರದ ಬಹುಪಾಲು ಆಗುಂಬೆ ಘಾಟಿಯ 14 ಕಡಿದಾದ ತಿರುವುಗಳಲ್ಲಿ ಒಮ್ಮೆಲೇ ಇಳಿದುಹೋಗುತ್ತದೆ. ಉಡುಪಿಯಿಂದ ಹೊರಟವರು ಅದನ್ನೇ ಹತ್ತಬೇಕು. ಆದ್ದರಿಂದ ಸವಾರಿ ದಾವಣಗೆರೆಯಿಂದ ಪಶ್ಚಿಮಕ್ಕಿರಲಿ, ವಾಪಸು ಬಸ್ಸಿನಲ್ಲಿ.

ಯಾವ ತಿಂಗಳು?

ಮೇ ತಿಂಗಳ ಮಾತನ್ನು ಅಲ್ಲಿಗೇ ಬಿಡಿಸಿದೆ. ಬಯಲುಸೀಮೆಯ ಆ ಬಿಸಿಲಿನಲ್ಲಿ ಬೆವರು ಸುರಿದರೂ ಮೈ ತಂಪಾಗುವುದು ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ದಾವಣಗೆರೆಯದು ಅದರ ಹತ್ತನೆಯ ಒಂದು ಪಾಲೂ ಇಲ್ಲ. ಮಳೆಗಿಂತ ಹೆಚ್ಚು ದಣಿಸುವುದು ಮುಂಗಾರಿನ ಪಶ್ಚಿಮದ ಗಾಳಿ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗುವವರಿಗೆ ಅಷ್ಟೇ ವೇಗದ ಗಾಳಿ ಎದುರು ಬಂದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ನವೆಂಬರ್ ಹೊತ್ತಿಗೆ ಮೂಡಣದ ಗಾಳಿ ಬೀಸತೊಡಗುತ್ತದೆ. ಪಶ್ಚಿಮಕ್ಕೆ ಹೋಗುವವರಿಗೆ ಅದು ಬೆನ್ನಿನ ಹಿಂದಿನಿಂದ.

ಹಾಗಾದರೆ ಡಿಸೆಂಬರ್, ಜನವರಿ ಇನ್ನೂ ತಂಪಲ್ಲವೇ ಎಂದು ಮಗ ಕೇಳಿದ. ತಂಪು ನಿಜ. ಆದರೆ ಮಂಗನ ಕಾಯಿಲೆಯನ್ನು ಮರೆಯುವಂತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪತ್ತೆಯಾದ ಈ ರೋಗವನ್ನು ಹರಡುವುದು ಕಾಡಿನ ಉಣುಗು. ಮನುಷ್ಯರಲ್ಲಿ ಇದು ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ ಕಾಣಿಸಿಕೊಳ್ಳುತ್ತದೆ; ತೀರ್ಥಹಳ್ಳಿ ತಾಲ್ಲೂಕೂ ಇದರ ಹಾವಳಿಯನ್ನು ಕಂಡಿದೆ. ಟಾರು ರಸ್ತೆಯ ಮೇಲೆ ಹೋಗುವವರಿಗೆ ಭಯವಿಲ್ಲ. ದಣಿದವರು ಮಾಡುವುದೇನು? ಸೈಕಲನ್ನು ಮರಕ್ಕೆ ಒರಗಿಸಿ ತರಗೆಲೆಯ ಮೇಲೆ ಕಾಲು ಚಾಚುತ್ತಾರೆ. ಉಣುಗು ಹತ್ತುವುದು ಅಲ್ಲೇ. ವಿಶ್ರಾಂತಿ ಬಸ್ ನಿಲ್ದಾಣದ ಕಟ್ಟೆಯ ಮೇಲೋ ಅಂಗಡಿಯ ಬೆಂಚಿನ ಮೇಲೋ ಆಗಲಿ. ಕಾಡಿಗೆ ಕಾಲಿಡಲೇಬೇಕಾದರೆ ಕಾಲುಚೀಲದೊಳಗೆ ಪ್ಯಾಂಟು ತುರುಕಿ, ಉಣುಗು ಹತ್ತದಂತೆ ತಡೆಯುವ ತೈಲ ಹಚ್ಚಿಕೊಳ್ಳಿ. ರಾತ್ರಿ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಮೈಯನ್ನು ಕಂಕುಳು, ತೊಡೆಸಂದು ಬಿಡದೆ ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಸಮೀಪದ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಮಳೆ, ಗಾಳಿ, ಉಣುಗು ಮೂರನ್ನೂ ತೂಗಿ ನೋಡಿದರೆ ನವೆಂಬರ್ ಉಳಿಯುತ್ತದೆ. ನಷ್ಟವೂ ಇದೆ. ಮಂಡಗದ್ದೆಯ ನಡುಗಡ್ಡೆಗೆ ಮಳೆಗಾಲದಲ್ಲಿ ಬಂದ ಹಕ್ಕಿಗಳು ಆ ಹೊತ್ತಿಗೆ ಬಹುಪಾಲು ಹಾರಿಹೋಗಿರುತ್ತವೆ.

ಎರಡು ದಿನದ್ದು ಐದು ದಿನವಾಯಿತು

ಮೊದಲ ದಿನ ಹೊನ್ನಾಳಿ, ಸುಮಾರು 55 ಕಿ.ಮೀ. ಹರಿಹರದಲ್ಲಿ ಹದಿಮೂರನೆಯ ಶತಮಾನದ ಹರಿಹರೇಶ್ವರನ ಗುಡಿಯ ಕಂಬಗಳ ನೆರಳಿನಲ್ಲಿ ಸ್ವಲ್ಪ ಹೊತ್ತು ಕುಳಿತು ಮುಂದೆ ಹೋಗಬಹುದು. ಮಲೇಬೆನ್ನೂರಿನ ಸುತ್ತ ಭದ್ರಾ ನಾಲೆಯ ಗದ್ದೆಗಳು. ಎರಡನೆಯ ದಿನವನ್ನು ಬೇಕೆಂದೇ ಚಿಕ್ಕದಾಗಿಟ್ಟೆ: ಶಿವಮೊಗ್ಗಕ್ಕೆ ಸುಮಾರು 40 ಕಿ.ಮೀ. ಮೊದಲ ದಿನದ ಉತ್ಸಾಹ ಕೊಟ್ಟ ಸ್ನಾಯುನೋವು ಕಾಣಿಸುವುದು ಮರುದಿನವೇ. ಅಂದು ಮತ್ತೆ ಕಾಲನ್ನು ಹಿಂಡಿದರೆ ಮೂರನೆಯ ದಿನ ಮೆಟ್ಟಿಲಿಳಿಯುವುದೂ ಕಷ್ಟ. ಮೂರನೆಯ ದಿನ ತೀರ್ಥಹಳ್ಳಿ, ಸುಮಾರು 60 ಕಿ.ಮೀ. ನಸುಕಿನಲ್ಲಿ ಹೊರಟರೆ ಸಕ್ರೆಬೈಲಿನಲ್ಲಿ ಆನೆಗಳಿಗೆ ಸ್ನಾನ ಮಾಡಿಸುವುದನ್ನು ನೋಡಿಕೊಂಡು ಹೋಗಬಹುದು. ನಾಲ್ಕನೆಯ ದಿನ ಆಗುಂಬೆ, ಮೂವತ್ತು ಕಿ.ಮೀ. ಚಿಲ್ಲರೆ ಅಷ್ಟೆ.

ಇಷ್ಟು ಹತ್ತಿರ ಬಂದು ಆಗುಂಬೆಯಲ್ಲಿ ಏಕೆ ತಂಗಬೇಕು, ಅಂದೇ ಇಳಿದುಬಿಡೋಣ ಎಂದು ಮಗ ವಾದಿಸಿದ. ಸೂರ್ಯಾಸ್ತ ನೋಡಲು ಬಂದವರ ವಾಹನಗಳು ಸಂಜೆ ಘಾಟಿಯಲ್ಲಿ ತುಂಬಿರುತ್ತವೆ. ದಣಿದ ಬೆರಳುಗಳಿಗೆ ಬ್ರೇಕಿನ ಹಿಡಿತ ಸಾಲದು. ತಿರುವಿನಲ್ಲಿ ಬಿದ್ದು ಮೂಳೆ ಮುರಿದರೆ ಕೂಗಿ ಕರೆಯಲು ಎಲ್ಲ ಕಡೆ ಮೊಬೈಲ್ ಸಂಪರ್ಕವೂ ಸಿಗುವುದಿಲ್ಲ. ಬೆಳಗ್ಗೆ ಮಂಜು ಕರಗಿದ ಮೇಲೆ ಇಳಿಯುವುದೇ ಕ್ಷೇಮ. ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿಯಬಾರದು. ರಿಮ್ ಕಾದು ಟ್ಯೂಬು ಸಿಡಿಯಬಹುದು. ಹಿಂದಿನದು, ಮುಂದಿನದು ಎಂದು ಬಿಟ್ಟು ಬಿಟ್ಟು ಒತ್ತಿ, ಮೂರು-ನಾಲ್ಕು ತಿರುವಿಗೊಮ್ಮೆ ನಿಂತು ಕೈಬೆರಳು ಕೊಡವಿಕೊಳ್ಳಿ. ಹಳೆಯ ಸರಳು ಬ್ರೇಕಿನ ಸೈಕಲಾದರೆ ಇಳಿದು ನಡೆಯಿರಿ. ಉಕ್ಕಿನ ರಿಮ್ ಒದ್ದೆಯಾದರೆ ಆ ಬ್ರೇಕು ಹಿಡಿಯುವುದೇ ಇಲ್ಲ ಎನ್ನಬಹುದು. ಐದನೆಯ ದಿನ ಸುಮಾರು 55 ಕಿ.ಮೀ. ಸಾಗಿದರೆ ಉಡುಪಿ.

ಎಲ್ಲ ದಿನವೂ ಬೆಳಕು ಹರಿಯುತ್ತಲೇ ಹೊರಟು ಹನ್ನೊಂದರೊಳಗೆ ಸವಾರಿಯ ಬಹುಭಾಗ ಮುಗಿಸುವುದು ಒಳ್ಳೆಯದು. ಬೆಳಗ್ಗೆ ಪಶ್ಚಿಮದತ್ತ ಸಾಗುವಾಗ ಎದುರು ಬರುವ ಲಾರಿಯವನ ಕಣ್ಣಿಗೆ ಸೂರ್ಯ ಹೊಡೆಯುತ್ತಿರುತ್ತಾನೆ. ನೀವು ಅವನಿಗೆ ಕಾಣದೇ ಹೋಗಬಹುದು. ಎದ್ದು ಕಾಣುವ ಬಣ್ಣದ ಅಂಗಿ ತೊಡಿ. ಹೆಲ್ಮೆಟ್ ಬಗ್ಗೆ ಹೇಳಬೇಕಾಗಿಲ್ಲವೆಂದು ಭಾವಿಸುತ್ತೇನೆ.

ಹೊಟ್ಟೆ, ನೀರು, ಗುಳಿಗೆ

ದಾವಣಗೆರೆಯವರಿಗೆ ಇದನ್ನು ಹೇಳುವುದು ಕಷ್ಟವೇ, ಆದರೂ ಹೊರಡುವ ಬೆಳಗ್ಗೆ ಬೆಣ್ಣೆ ದೋಸೆ ಬೇಡ. ಕೊಬ್ಬು ಹೊಟ್ಟೆಯಿಂದ ನಿಧಾನವಾಗಿ ಕೆಳಗಿಳಿಯುತ್ತದೆ; ತುಳಿಯುವ ಕಾಲಿಗೆ ಬೇಕಾದ ಸಕ್ಕರೆ ಹೊತ್ತಿಗೆ ಒದಗುವುದಿಲ್ಲ. ಇಡ್ಲಿ, ಅವಲಕ್ಕಿ, ಮಂಡಕ್ಕಿ ಹಗುರ. ಮಿರ್ಚಿಯನ್ನು ಊರಿಗೆ ಮರಳಿದ ಮೇಲೆ ತಿನ್ನಿ. ಮೊದಲ ಗಂಟೆ ಕಳೆದ ನಂತರ ಗಂಟೆಗೊಂದೆರಡು ಬಾಳೆಹಣ್ಣು, ಇಲ್ಲವೆ ಬೆಲ್ಲದ ಚಿಕ್ಕಿ ಬಾಯಿಗೆ ಬೀಳುತ್ತಿರಲಿ.

ನೀರು ಗಂಟೆಗೆ ಸುಮಾರು ಅರ್ಧ ಲೀಟರ್, ಬಿಸಿಲೇರಿದರೆ ಇನ್ನಷ್ಟು. ಆದರೆ ಬರಿಯ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿನ ಸೋಡಿಯಂ ಇಳಿದು ತಲೆಸುತ್ತು, ವಾಂತಿ, ಗೊಂದಲ ಉಂಟಾಗುತ್ತವೆ. ನಡುನಡುವೆ ಉಪ್ಪು ಹಾಕಿದ ಮಜ್ಜಿಗೆಯಾಗಲಿ ಓ.ಆರ್.ಎಸ್. ಆಗಲಿ ಬೇಕು. ಓ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ. ಒಂದು ಲೀಟರಿನದನ್ನು ಒಂದು ಲೋಟಕ್ಕೆ ಸುರಿಯುವವರು ಇಂದಿಗೂ ಇದ್ದಾರೆ. ಮೂತ್ರ ತಿಳಿಹಳದಿಯಾಗಿದ್ದರೆ ನೀರು ಸಾಕಾಗಿದೆ, ಗಾಢವಾಗಿದ್ದರೆ ಸಾಲದು. ಯಾರಾದರೂ ಬಿಸಿಲಿನಲ್ಲಿ ತಡವರಿಸಿ ಮಾತನಾಡತೊಡಗಿದರೆ ಅದು ದಣಿವೆಂದು ಸುಮ್ಮನಾಗಬೇಡಿ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಸುರಿದು ಗಾಳಿ ಹಾಕಿ, 108ಕ್ಕೆ ಕರೆ ಮಾಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ತಂದೆಯ ಗುಳಿಗೆಗಳನ್ನು ತರಿಸಿ ನೋಡಿದೆ. ರಕ್ತದೊತ್ತಡದ ಕೆಲವು ಗುಳಿಗೆಗಳು ಮೂತ್ರವನ್ನು ಹೆಚ್ಚಿಸಿ ಮೈಯ ನೀರು, ಲವಣ ಎರಡನ್ನೂ ಹೊರಗೆ ಹಾಕುತ್ತವೆ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥವು ನಾಡಿಬಡಿತವನ್ನೇ ತಗ್ಗಿಸುವುದರಿಂದ ಬಡಿತ ಎಣಿಸಿ ಶ್ರಮ ಅಳೆಯಲಾಗದು. ತುಳಿಯುತ್ತಲೇ ಪೂರ್ತಿ ವಾಕ್ಯ ಮಾತನಾಡಲು ಬರುವಷ್ಟು ವೇಗವೇ ಅವರ ಮಿತಿ. ಯಾವ ಗುಳಿಗೆಯನ್ನೂ ತಾವಾಗಿ ಬಿಡಬಾರದು. ಹೊರಡುವ ಮೊದಲು ತಮ್ಮ ವೈದ್ಯರನ್ನು ಕೇಳಬೇಕು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗುಳಿಗೆ ತೆಗೆದುಕೊಳ್ಳುವವರಿಗೆ ಇದು ಇನ್ನೂ ಮುಖ್ಯ, ಜೇಬಿನಲ್ಲಿ ಗ್ಲೂಕೋಸ್ ಇರಲೇಬೇಕು. ಕಾಲುನೋವಿಗೆಂದು ಡೈಕ್ಲೊಫೆನಾಕ್, ಐಬುಪ್ರೊಫೆನ್ ನುಂಗಿ ಸವಾರಿ ಮುಂದುವರಿಸುವುದು ಬೇಡ. ನೀರು ಕಡಿಮೆಯಾದ ಮೈಯಲ್ಲಿ ಅವು ಮೂತ್ರಪಿಂಡಕ್ಕೆ ಹೊರೆ, ರಕ್ತದೊತ್ತಡವನ್ನೂ ಏರಿಸುತ್ತವೆ. ಎದೆ ಬಿಗಿದು ಬಂದರೆ, ನೋವು ಎಡಗೈಗೋ ದವಡೆಗೋ ಹರಡಿದರೆ, ಮುಂದಿನ ಊರಿನವರೆಗೆ ತುಳಿಯುವ ಯೋಚನೆ ಮಾಡದೆ ಅಲ್ಲೇ ಇಳಿದು ಸಹಾಯ ಕೇಳಿ.

ಮೊಣಕಾಲಿನ ನೋವಿಗೆ ಬಹುಮಟ್ಟಿಗೆ ಕಾರಣ ತಗ್ಗಿದ ಸೀಟು. ಪೆಡಲು ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು; ಆಗ ಮುಂಗಾಲಿನಿಂದ ತುಳಿಯುವಾಗ ಮಂಡಿ ತುಸುವೇ ಬಾಗಿರುತ್ತದೆ. ಗೇರಿದ್ದರೆ ಹಗುರ ಗೇರಿನಲ್ಲಿ ಬೇಗ ಬೇಗ ತುಳಿಯಿರಿ. ಕಿರುಬೆರಳು ಜೋಮು ಹಿಡಿದರೆ ಹ್ಯಾಂಡಲಿನ ಮೇಲೆ ಭಾರ ಹೆಚ್ಚಾಗಿದೆ ಎಂದರ್ಥ. ಹದಿನೈದು ನಿಮಿಷಕ್ಕೊಮ್ಮೆ ಸೀಟಿನಿಂದ ಎದ್ದು ತುಳಿದರೆ ಕೂರುವ ಜಾಗಕ್ಕೂ ರಕ್ತ ಹರಿಯುತ್ತದೆ.

ಎಂಟು ವಾರದ ಅಭ್ಯಾಸ ಬರೆದುಕೊಟ್ಟೆ. ಮೊದಲು ವಾರಕ್ಕೆ ಮೂರು ದಿನ ಹರಿಹರಕ್ಕೆ ಹೋಗಿ ಬರುವುದು, ಬೇಸರವಾದರೆ ಕೊಂಡಜ್ಜಿ ಕೆರೆಯ ಕಡೆಗೆ. ಅದು ಸಲೀಸಾದ ಮೇಲೆ ಒಂದು ಭಾನುವಾರ ಸೂಳೆಕೆರೆ. ಮರುದಿನವೂ ಎದ್ದು ಸೈಕಲ್ ಏರಲು ಸಾಧ್ಯವಾದರೆ ತಂದೆ ಸಿದ್ಧ. ಮುಂದೆ ಯಾರು ಹೋಗಬೇಕೆಂಬುದನ್ನೂ ಹೇಳಿದೆ: ತಂದೆ. ದೂರದ ಸೈಕಲ್ ಯಾತ್ರೆಗೆ ಫ್ರಾನ್ಸಿನಲ್ಲಿ ದಾರಿ ತೋರಿದ ಪಾಲ್ ದ ವಿವಿ (1853–1930) ಬಿಟ್ಟುಹೋದ ನಿಯಮಗಳಲ್ಲಿ, ಬಡಾಯಿಗಾಗಿ ತುಳಿಯಬಾರದೆಂಬುದೂ ಒಂದು. ಮಗ ಹಿಂದಿದ್ದರೆ ತಂದೆಗೆ ಆ ಪ್ರಮೇಯವೇ ಬರುವುದಿಲ್ಲ.

ಮನೆಯಾಕೆ ಒಪ್ಪಿದರು, ಒಂದು ಷರತ್ತಿನ ಮೇಲೆ. ಅವರು ಬಸ್ಸಿನಲ್ಲಿ ತೀರ್ಥಹಳ್ಳಿಗೆ ಬಂದಿರುತ್ತಾರೆ. ಗಂಡನ ಮುಖ ನೋಡಿದ ಮೇಲೆ ಮುಂದಿನ ಮಾತು.

ಇನ್ನೊಂದು ವಿಷಯ. ಮಂಗನ ಕಾಯಿಲೆ ಸಾಮಾನ್ಯವಾಗಿ ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಯಾತ್ರೆ ಮುಗಿಸಿ ಬಂದ ಎರಡು ವಾರದೊಳಗೆ ದಿಢೀರ್ ಜ್ವರ, ತಲೆನೋವು, ಸೊಂಟ-ಮೀನಖಂಡಗಳ ತೀವ್ರ ನೋವು ಬಂದರೆ ಸೈಕಲ್ ತುಳಿದ ನೋವೆಂದು ಮಲಗಿರಬೇಡಿ. ಅಂದೇ ವೈದ್ಯರಲ್ಲಿಗೆ ಹೋಗಿ, ಮಲೆನಾಡಿನಲ್ಲಿ ಯಾವ ದಿನ ಎಲ್ಲಿ ತಂಗಿದ್ದಿರಿ, ಕಾಡಿನೊಳಗೆ ಕಾಲಿಟ್ಟಿದ್ದಿರೇ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿ.