ಕಿವಿರು ಕೆಂಪಾದರೆ ಸಾಲದು, ಐಸು ಎಲ್ಲುಂಟು ಕೇಳಿ

ಮಂಗಳೂರಿನ ಮೀನು ಮಾರುಕಟ್ಟೆಗೆ ಸಂಜೆ ಹೊತ್ತು ನುಗ್ಗುವವರಲ್ಲಿ ಎರಡು ಬಗೆ. ಅಂಗಡಿ ಬಾಗಿಲು ಎಳೆದು ಬಂದವರು ಒಂದು; ಬಸ್ಸಿಗೆ ಹತ್ತು ನಿಮಿಷ ಉಂಟೆಂದು ಓಡಿ ಬಂದವರು ಇನ್ನೊಂದು. ಇಬ್ಬರಿಗೂ ಪುರುಸೊತ್ತಿಲ್ಲ. “ತಾಜಾ ಉಂಟಾ?” ಎಂದು ಕೇಳುತ್ತಾರೆ. “ಈಗ ಬಂದದ್ದು ಮಾರಾಯ್ರೆ” ಎಂಬ ಉತ್ತರ ತಯಾರಾಗಿಯೇ ಇರುತ್ತದೆ. ನಿನ್ನೆಯ ಮೀನು ಎಂದು ಹೇಳಿ ಮಾರಿದವರು ಯಾವ ಪೇಟೆಯಲ್ಲೂ ಇಲ್ಲ. ಆದ್ದರಿಂದ ಕೇಳಬೇಕಾದದ್ದು ಮಾರುವವರನ್ನಲ್ಲ, ಮೀನನ್ನು.

ಮೊದಲು ಕಣ್ಣು. ತಾಜಾ ಮೀನಿನ ಕಣ್ಣು ಉಬ್ಬಿ, ತಿಳಿಯಾಗಿ, ಗುಡ್ಡೆ ಕಪ್ಪಗೆ ಕಾಣಬೇಕು. ಹಳತಾದರೆ ಕಣ್ಣು ಗುಳಿಬಿದ್ದು ಬೂದು ಬಣ್ಣಕ್ಕೆ ತಿರುಗುತ್ತದೆ. ಎರಡನೆಯದು ಕಿವಿರು. ಎತ್ತಿ ನೋಡಿದರೆ ಕೆಂಪಗಿರಬೇಕು. ಕಂದು ಬಣ್ಣ, ಅಂಟು ಲೋಳೆ ಕಂಡರೆ ಕೆಳಗಿಡಿ. ಮೂರನೆಯದು ಬೆರಳು. ಬೆನ್ನಿಗೆ ಒತ್ತಿದರೆ ಗುಳಿ ಕೂಡಲೇ ಏಳಬೇಕು. ಭೂತಾಯಿಯಾದರೆ ಹೊಟ್ಟೆ ನೋಡಿ, ಒಡೆದದ್ದು ಬೇಡ. ಕೊನೆಗೆ ಮೂಗು. ತಾಜಾ ಮೀನಿಗೆ ಸಮುದ್ರದ ವಾಸನೆ. ಮೂಗಿಗೆ ಚುರುಕ್ ಎನ್ನುವ ಘಾಟು ಬಂದರೆ ಅರ್ಧ ಕ್ರಯಕ್ಕೆ ಕೊಟ್ಟರೂ ದುಬಾರಿಯೇ.

ಒಂದೇ ಸಾಕ್ಷಿ ನಂಬಿ ತೀರ್ಪು ಕೊಡುವುದು ಸರಿಯಲ್ಲ. ಐಸಿಗೆ ತಾಗಿ ಕೂತ ಒಳ್ಳೆ ಮೀನಿನ ಕಣ್ಣೂ ಮಂಜಾಗುವುದುಂಟು. ನೀರು ಚಿಮುಕಿಸಿದರೆ ಹಳೆ ಬಂಗುಡೆಯ ಮೈಯೂ ಹೊಳೆಯುತ್ತದೆ. ನಾಲ್ಕರಲ್ಲಿ ಮೂರಾದರೂ ಒಪ್ಪಬೇಕು.

ಸಿಗಡಿಯ ತಲೆ ಸಡಿಲವಾಗಿ, ಚಿಪ್ಪು ಕಪ್ಪು ತಿರುಗಿದ್ದರೆ ಹಿಡಿದು ಬಹಳ ಹೊತ್ತಾಗಿದೆ ಎಂದರ್ಥ. ಬೊಂಡಾಸು ಬಿಳಿ ಇರಬೇಕು. ಮಾಂಸ ಗುಲಾಬಿಗೆ ತಿರುಗಿದ್ದು ಹಳತು. ಏಡಿ ಜೀವಂತವೇ ಆಗಬೇಕು. ಮರುವಾಯಿ ಬಾಯಿ ಬಿಟ್ಟಿದ್ದರೆ ಕುಟ್ಟಿ ನೋಡಿ, ಮುಚ್ಚಿಕೊಳ್ಳದಿದ್ದರೆ ಸತ್ತದ್ದು. ಬೇಯಿಸಿದ ಮೇಲೂ ಬಾಯಿ ತೆರೆಯದ್ದನ್ನು ಎಸೆಯಬೇಕು.

ಮಳೆಗಾಲದಲ್ಲಿ ಎಚ್ಚರ ಹೆಚ್ಚು ಬೇಕು. ಜೂನ್ 1ರಿಂದ ಜುಲೈ 31ರ ತನಕ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ 61 ದಿನ ರಜೆ. ನಾಡದೋಣಿಯವರು ತಂದದ್ದು ಊರಿಗೆ ಸಾಲದು. ಪೂರ್ವ ಕರಾವಳಿಯ ಮೀನು ಲಾರಿಯಲ್ಲಿ ಬರುತ್ತದೆ. ದೂರದ್ದೆಂದ ಮಾತ್ರಕ್ಕೆ ಕೆಟ್ಟದ್ದಲ್ಲ. ದಾರಿಯುದ್ದಕ್ಕೂ ಐಸು ಇತ್ತೇ ಎಂಬುದು ಪ್ರಶ್ನೆ. ಐಸಿನ ಬದಲು ಫಾರ್ಮಲಿನ್ ಹಾಕುವವರೂ ಸಿಕ್ಕಿಬಿದ್ದಿದ್ದಾರೆ. 2018ರ ಜೂನ್‌ನಲ್ಲಿ ಕೇರಳದ ಆಹಾರ ಸುರಕ್ಷತಾ ಇಲಾಖೆ ‘ಆಪರೇಷನ್ ಸಾಗರ ರಾಣಿ’ಯಲ್ಲಿ ಅಂಥ ಸಾವಿರಾರು ಕಿಲೋ ಮೀನು ಹಿಡಿಯಿತು. ಮರುತಿಂಗಳು ಗೋವಾ ಸರಕಾರ ಹೊರಗಿನ ಮೀನಿಗೇ ಕೆಲಕಾಲ ತಡೆ ಹಾಕಿತು. ಹೆಣ ಕೆಡದಂತೆ ಇಡುವ ಮದ್ದು ಅದು. ಕಣ್ಣು ಗುಳಿಬಿದ್ದಿದೆ, ಮೈ ಮಾತ್ರ ರಬ್ಬರಿನಂತೆ ಗಟ್ಟಿ, ವಾಸನೆಯಿಲ್ಲ, ನೊಣವೂ ಕೂರುವುದಿಲ್ಲ ಎಂದಾದರೆ ಸಂಶಯಪಡಿ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇದನ್ನು ಪತ್ತೆಹಚ್ಚಲು ಕಾಗದದ ಪಟ್ಟಿಯನ್ನೇ ತಯಾರಿಸಿದೆ.

ಇಷ್ಟೆಲ್ಲ ನೋಡಿ ಒಳ್ಳೆಯದನ್ನೇ ಆರಿಸಿದಿರಿ ಎನ್ನೋಣ. ಆಮೇಲೆ? ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಸ್ಸು ಹತ್ತುತ್ತೀರಿ. ಮೂಡಬಿದ್ರೆಗೆ ಒಂದು ಗಂಟೆಯ ಮೇಲೆ. ಸೆಕೆ, ರಶ್ಶು, ಚೀಲ ಕಾಲಡಿಯಲ್ಲಿ. ಮಾರುಕಟ್ಟೆಯಲ್ಲಿ ಬದುಕಿದ ಮೀನು ಬಸ್ಸಿನಲ್ಲಿ ಕೆಡುವುದು ಹೀಗೆ.

ಬಂಗುಡೆ, ಭೂತಾಯಿ, ಕೇದರದಂಥ ಮೀನಿಗೆ ಈ ಬಿಸಿ ಆಗಿಬರುವುದಿಲ್ಲ. ಐಸಿಲ್ಲದೆ ಇಟ್ಟರೆ ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಎಂಬ ವಿಷ ಹುಟ್ಟುತ್ತದೆ. ಕೆಟ್ಟ ವಾಸನೆ ಬರಲೇಬೇಕೆಂದಿಲ್ಲ. ಎಷ್ಟು ಕುದಿಸಿದರೂ, ಕಾವಲಿಯಲ್ಲಿ ಎಷ್ಟು ಹುರಿದರೂ ಅದು ಹೋಗುವುದಿಲ್ಲ. ಉಂಡ ಸ್ವಲ್ಪ ಹೊತ್ತಿಗೆ ಮುಖ ಕೆಂಪೇರಿ, ತುರಿಕೆ, ತಲೆನೋವು, ವಾಂತಿ. ಮನೆಯವರು “ಮೀನು ಆಗಿಬರಲಿಲ್ಲ” ಎನ್ನುತ್ತಾರೆ. ಆಗಿಬಾರದ್ದು ಮೀನಲ್ಲ, ಬಿಸಿ. ಉಸಿರು ಕಟ್ಟಿದಂತಾದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಉಪಾಯ ದೊಡ್ಡದಲ್ಲ. ಮೀನನ್ನು ಕೊನೆಗೆ ಕೊಳ್ಳಿ, ಉಳಿದ ಸಾಮಾನು ಮೊದಲಾಗಲಿ. ಕಿವಿರು, ಕರುಳು ಅಲ್ಲೇ ತೆಗೆಸಿ. ಎರಡು ಹಿಡಿ ಐಸು ಕೇಳಿ. ವಾಡಿಕೆಯವರಿಗೆ ಇಲ್ಲ ಎನ್ನುವ ಮೀನಿನ ಹೆಂಗಸು ಅಪರೂಪ. ಮುಚ್ಚಳದ ಡಬ್ಬಿಯೊಂದು ಚೀಲದಲ್ಲಿರಲಿ. ಅಂಗಡಿಯವರು ಬೆಳಿಗ್ಗೆಯೇ ಕೊಂಡು ಫ್ರಿಜ್ಜಿನಲ್ಲಿಡಬಹುದು. ಮನೆಯ ಹತ್ತಿರ ಐಸಿಟ್ಟು ಮಾರುವವರಿದ್ದರೆ ಬಸ್ಸಿಳಿದ ಮೇಲೇ ಕೊಳ್ಳುವುದು ಎಲ್ಲಕ್ಕಿಂತ ಲೇಸು.

ಇನ್ನೊಂದು ಮಾತು. ಬುಟ್ಟಿ ಹೊತ್ತು ಬೀದಿ ಬದಿ ಕೂರುವ ಹೆಂಗಸು ಐಸನ್ನೂ ದುಡ್ಡು ಕೊಟ್ಟೇ ತರಬೇಕು. ಐದು ರೂಪಾಯಿಗೆ ಚರ್ಚೆ ಮಾಡುವಾಗ ಅವಳು ಮೊದಲು ಕಡಿಮೆ ಮಾಡುವುದು ಐಸನ್ನೇ. ಬುಟ್ಟಿಯಲ್ಲಿ ಐಸು ಕಂಡರೆ ಅವಳು ಹೇಳಿದ ಕ್ರಯ ಕೊಟ್ಟುಬಿಡಿ, ನಷ್ಟವಿಲ್ಲ.