ಕಾರನ್ನು ತಗ್ಗಿಸುವ ಮುನ್ನ



ರೇಸಿನ ದೃಶ್ಯಗಳಲ್ಲಿ ನೆಲಕ್ಕೆ ಅಂಟಿಕೊಂಡಂತೆ ಓಡುವ ಕಾರುಗಳನ್ನು ನೀವು ನೋಡಿದ್ದೀರಿ. ಮನೆಯ ಪುಟ್ಟ ಕಾರನ್ನೂ ಹಾಗೆಯೇ ತಗ್ಗಿಸಬೇಕೆಂಬ ಆಸೆ ಕಾಲೇಜು ತರುಣರಲ್ಲಿ ಹುಟ್ಟುವುದು ಸಹಜ. "ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿದರೆ ಸಾಕು, ಅರ್ಧ ದಿನದ ಕೆಲಸ" ಎನ್ನುವವರೂ ಸಿಗುತ್ತಾರೆ. ಆದರೆ ನಾಳೆ ಅದೇ ಕಾರಿನಲ್ಲಿ ಮನೆಯ ಐದು ಮಂದಿ ಸಾಮಾನು ಸಮೇತ ಊರಿಗೆ ಹೊರಡುತ್ತಾರೆ. ಕಾರು ತಗ್ಗಿದಾಗ ಏನೇನು ಬದಲಾಗುತ್ತದೆ, ಅದಕ್ಕೆ ಸ್ಪ್ರಿಂಗನ್ನೂ ಸ್ಟ್ರಟ್ಟನ್ನೂ ಹೇಗೆ ಆರಿಸಬೇಕು ಎಂಬುದನ್ನು ನಿಮ್ಮ ಭೌತವಿಜ್ಞಾನದ ಪಾಠದ ಲೆಕ್ಕಗಳಿಂದಲೇ ತಿಳಿಯೋಣ.

ಉದಾಹರಣೆಗೆ ಮಾರುತಿ ಸ್ವಿಫ್ಟ್ ಕಾರನ್ನು ತೆಗೆದುಕೊಳ್ಳೋಣ. 2005ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಈ ಕಾರಿನ ಮುಂದಿನ ಚಕ್ರಗಳಿಗೆ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದಿನ ಚಕ್ರಗಳಿಗೆ ಟಾರ್ಷನ್ ಬೀಮ್ ಮತ್ತು ಸುರುಳಿ ಸ್ಪ್ರಿಂಗ್ ಇವೆ. ಪುಟ್ಟ ಕಾರುಗಳಲ್ಲಿ ಬಹುಪಾಲು ಇದೇ ವ್ಯವಸ್ಥೆ.

ಎರಡು ಅಂಗ, ಎರಡು ಕೆಲಸ

ಕಾರಿನ ಭಾರವನ್ನು ಹೊರುವುದು ಸ್ಪ್ರಿಂಗ್. ಹೆಚ್ಚು ಒತ್ತಿದಷ್ಟೂ ಹೆಚ್ಚು ಬಲದಿಂದ ಅದು ಎದುರು ಒತ್ತುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ. ಆದರೆ ಸ್ಪ್ರಿಂಗಿಗೆ ಒಂದು ದೋಷವುಂಟು: ಒಮ್ಮೆ ಅದುಮಿ ಬಿಟ್ಟರೆ ಅದು ಬೇಗನೆ ಸುಮ್ಮನಾಗುವುದಿಲ್ಲ. ಆ ಕುಣಿತವನ್ನು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಅದರೊಳಗಿನ ಎಣ್ಣೆ ಕಿರಿದಾದ ರಂಧ್ರಗಳ ಮೂಲಕ ನುಗ್ಗುವಾಗ ಚಲನೆಯ ಶಕ್ತಿ ಶಾಖವಾಗಿ ಹೋಗುತ್ತದೆ.

ಈ ಶಾಕ್ ಅಬ್ಸಾರ್ಬರನ್ನೇ ಚಕ್ರವನ್ನು ನೆಟ್ಟಗೆ ಹಿಡಿಯುವ ಕಂಬವನ್ನಾಗಿ ಮಾಡಿ, ಅದರ ಸುತ್ತ ಸ್ಪ್ರಿಂಗನ್ನು ಕೂರಿಸುವ ವಿಧಾನವನ್ನು ರೂಪಿಸಿದವರು ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್. 1950ರಲ್ಲಿ ಬ್ರಿಟನ್ನಿನ ಫೋರ್ಡ್ ಕಾನ್ಸಲ್ ಮತ್ತು ಜೆಫಿರ್ ಕಾರುಗಳಲ್ಲಿ ಇದು ಕಾಣಿಸಿಕೊಂಡಿತು. ಕಡಿಮೆ ಭಾಗ, ಕಡಿಮೆ ಜಾಗ, ಕಡಿಮೆ ಖರ್ಚು ಎಂಬ ಕಾರಣಕ್ಕೆ ಜಗತ್ತಿನ ಪುಟ್ಟ ಕಾರುಗಳೆಲ್ಲ ಇದನ್ನು ಅಪ್ಪಿಕೊಂಡವು. ಸ್ಪ್ರಿಂಗ್ ಮತ್ತು ಸ್ಟ್ರಟ್ ಒಂದೇ ಜೋಡಿ. ಒಂದನ್ನು ಬದಲಿಸಿದರೆ ಇನ್ನೊಂದರ ಲೆಕ್ಕ ತಪ್ಪುತ್ತದೆ. ಇದನ್ನು ಮುಂದಿನ ಲೆಕ್ಕದಲ್ಲಿ ಕಾಣಬಹುದು.

30 ಮಿಲಿಮೀಟರಿನ ಲೆಕ್ಕ

ಲೆಕ್ಕದ ಅನುಕೂಲಕ್ಕಾಗಿ ಮುಂದಿನ ಒಂದು ಸ್ಪ್ರಿಂಗ್ 250 ಕಿಲೋಗ್ರಾಂ ಹೊರುತ್ತದೆ ಎಂದಿಟ್ಟುಕೊಳ್ಳಿ. ಅಂದರೆ 2,450 ನ್ಯೂಟನ್ ಬಲ. ಸ್ಪ್ರಿಂಗಿನ ಗಡಸುತನ ಮಿ.ಮೀ.ಗೆ 20 ನ್ಯೂಟನ್ ಆದರೆ, ಕಾರು ನಿಂತಿರುವಾಗಲೇ ಅದು ಸುಮಾರು 122 ಮಿ.ಮೀ. ಕುಗ್ಗಿರುತ್ತದೆ. ಇಲ್ಲಿಂದ ಮೇಲಕ್ಕೆ ರಬ್ಬರ್ ತಡೆಗೆ ತಾಗುವವರೆಗೆ ಚಕ್ರ 70 ಮಿ.ಮೀ. ಸರಿಯಬಹುದು, ಕೆಳಕ್ಕೆ 90 ಮಿ.ಮೀ. ಇಳಿಯಬಹುದು ಎನ್ನೋಣ.

ಈಗ ಕಾರನ್ನು 30 ಮಿ.ಮೀ. ತಗ್ಗಿಸಬೇಕು. ಮೇಲಕ್ಕೆ ಸರಿಯಲು ಉಳಿಯುವ ಜಾಗ 40 ಮಿ.ಮೀ. ಮಾತ್ರ. ಜಾಗ ಕಡಿಮೆಯಾದ್ದರಿಂದ ಸ್ಪ್ರಿಂಗ್ ಗಡುಸಾಗಬೇಕು. ನೂರಕ್ಕೆ ಮೂವತ್ತು ಪಾಲು ಹೆಚ್ಚು, ಅಂದರೆ ಮಿ.ಮೀ.ಗೆ 26 ನ್ಯೂಟನ್ ಗಡಸುತನದ ಸ್ಪ್ರಿಂಗ್ ತಂದೆವು ಎನ್ನಿ. ಅದು ಅದೇ ಭಾರಕ್ಕೆ 94 ಮಿ.ಮೀ. ಮಾತ್ರ ಕುಗ್ಗುತ್ತದೆ. ಉದ್ದ ಒಂದೇ ಆಗಿದ್ದರೆ ಕಾರು ತಗ್ಗುವ ಬದಲು 28 ಮಿ.ಮೀ. ಎತ್ತರವಾಗಿ ನಿಲ್ಲುತ್ತದೆ! ಆದ್ದರಿಂದ ತಗ್ಗಿಸುವ ಸ್ಪ್ರಿಂಗ್ ಗಡುಸಾಗಿರುವುದರ ಜೊತೆಗೆ ಗಿಡ್ಡವಾಗಿಯೂ ಇರಬೇಕು. ಈ ಲೆಕ್ಕದಲ್ಲಿ ಬಿಡಿಯಾಗಿ ಅಳೆದಾಗ ಅದು 58 ಮಿ.ಮೀ. ಗಿಡ್ಡವಿರುತ್ತದೆ.

ಇಷ್ಟಾದರೂ ಹಳೆಯ ಸಾಮರ್ಥ್ಯ ಬಾರದು. ಸ್ಪ್ರಿಂಗ್ ಹೀರಬಲ್ಲ ಶಕ್ತಿ ಗಡಸುತನ ಮತ್ತು ದೂರದ ವರ್ಗದ ಗುಣಲಬ್ಧದ ಅರ್ಧ. ಮೊದಲಿನ ಸ್ಪ್ರಿಂಗ್ ರಬ್ಬರಿಗೆ ತಾಗುವ ಮುನ್ನ 49 ಜೂಲ್ ಹೀರುತ್ತಿತ್ತು. ಹೊಸದು ಸುಮಾರು 21 ಜೂಲ್. ಅರ್ಧಕ್ಕಿಂತ ಕಡಿಮೆ! ಗುಂಡಿಗೆ ಬಿದ್ದಾಗ ತಗ್ಗಿದ ಕಾರು "ಧಡ್" ಎಂದು ಹೊಡೆಯುವುದು ಇದರಿಂದಲೇ. ಆ ಹೊಡೆತ ಸ್ಟ್ರಟ್ಟಿನ ಮೇಲ್ಭಾಗದ ಜೋಡಣೆಗೆ, ಅಲ್ಲಿಂದ ಕಾರಿನ ಬಾಡಿಗೆ ಹೋಗುತ್ತದೆ. ಕಾರನ್ನು ತಗ್ಗಿಸುವುದೆಂದರೆ ಎತ್ತರವನ್ನಷ್ಟೇ ಅಲ್ಲ, ಚಕ್ರದ ಓಡಾಟದ ಜಾಗವನ್ನೂ ಖರ್ಚು ಮಾಡುವುದು ಎಂಬುದನ್ನು ನೆನಪಿಡಿ.

ಸ್ಟ್ರಟ್ಟೂ ಏಕೆ ಬದಲಾಗಬೇಕು?

ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಉದ್ದ. ಹಳೆಯ ಸ್ಟ್ರಟ್ಟನ್ನೇ ಉಳಿಸಿಕೊಂಡರೆ ಚಕ್ರ ಕೆಳಕ್ಕೆ ಇಳಿಯುವ ದೂರ 90ರಿಂದ 120 ಮಿ.ಮೀ.ಗೆ ಏರುತ್ತದೆ. ಆದರೆ ಹೊಸ ಸ್ಪ್ರಿಂಗ್ ಕುಗ್ಗಿರುವುದು 94 ಮಿ.ಮೀ. ಮಾತ್ರ. ಚಕ್ರ ಪೂರ್ತಿ ಇಳಿದಾಗ ಸ್ಪ್ರಿಂಗ್ ತನ್ನ ಬಟ್ಟಲಿನಿಂದ 26 ಮಿ.ಮೀ. ಬಿಡಿಸಿಕೊಂಡು ಅಲುಗಾಡುತ್ತದೆ, ಮತ್ತೆ ಒತ್ತಡ ಬಿದ್ದಾಗ ವಾರೆಯಾಗಿ ಕೂರಬಹುದು. ಇದಕ್ಕೆಂದೇ ಗಿಡ್ಡ ಸ್ಟ್ರಟ್ಟುಗಳನ್ನು ಮಾಡುತ್ತಾರೆ. ಜರ್ಮನಿಯ ಬಿಲ್‌ಸ್ಟೈನ್ ಕಂಪನಿ ಮೂಲ ಎತ್ತರದ ಕಾರಿಗೆ ಬಿ6, ತಗ್ಗಿಸಿದ ಕಾರಿಗೆ ಬಿ8 ಎಂದು ಬೇರೆ ಬೇರೆಯಾಗಿ ಮಾರುವುದು ಈ ಕಾರಣಕ್ಕೇ.

ಎರಡನೆಯದು ಕುಣಿತ. ಸ್ಪ್ರಿಂಗ್ ಮೇಲಿನ ಕಾರಿನ ಆವೃತ್ತಿ ಗಡಸುತನದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ನಮ್ಮ ಲೆಕ್ಕದಲ್ಲಿ ಅದು ಸೆಕೆಂಡಿಗೆ 1.4ರಿಂದ 1.6ಕ್ಕೆ ಹೋಗುತ್ತದೆ. ಇದನ್ನು ಮೊದಲಿನಷ್ಟೇ ಚೆನ್ನಾಗಿ ತಡೆಯಲು ಶಾಕ್ ಅಬ್ಸಾರ್ಬರಿನ ಪ್ರತಿರೋಧ ನೂರಕ್ಕೆ 14ರಷ್ಟು ಹೆಚ್ಚಬೇಕು. ಹಳೆಯದು, ಅದರಲ್ಲೂ ಎಣ್ಣೆ ಸೋರಿದ್ದು, ಈ ಕೆಲಸ ಮಾಡಲಾರದು. ಆಗ ಕಾರು ಒರಟಾಗುವುದರ ಜೊತೆಗೆ ಕುಣಿಯುತ್ತದೆ; ಕುಣಿಯುವಾಗ ಟೈರು ನೆಲದ ಹಿಡಿತ ಬಿಡುತ್ತದೆ; ಬ್ರೇಕ್ ಹಾಕಿದ ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ.

ಕತ್ತರಿಸಿದರೆ ಏನಾಗುತ್ತದೆ?

ಆರು ಸುತ್ತಿನ ಸ್ಪ್ರಿಂಗಿನಲ್ಲಿ ಒಂದನ್ನು ಕತ್ತರಿಸಿದರೆ ಗಡಸುತನ ನೂರಕ್ಕೆ 20ರಷ್ಟು ಏರುತ್ತದೆ ನಿಜ. ಆದರೆ ತುದಿಯ ಸುತ್ತು ಬಟ್ಟಲಿನಲ್ಲಿ ಕೂರುವಂತೆ ವಿಶೇಷವಾಗಿ ಬಾಗಿರುತ್ತದೆ. ಕತ್ತರಿಸಿದ ತುದಿ ಹಾಗೆ ಕೂರದು. ಇನ್ನು ಬೆಂಕಿಯಿಂದ ಕಾಯಿಸಿ ಕುಗ್ಗಿಸಿದರೆ ಉಕ್ಕಿನ ಹದವೇ ಕೆಟ್ಟು, ಅದು ಕ್ರಮೇಣ ಕುಸಿಯುತ್ತದೆ ಅಥವಾ ಮುರಿಯುತ್ತದೆ. ಸರಿಯಾದ ದಾರಿ ತಂತಿಯ ದಪ್ಪ ಹೆಚ್ಚಿಸುವುದು. ಗಡಸುತನ ದಪ್ಪದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುವುದರಿಂದ, 12 ಮಿ.ಮೀ. ತಂತಿಯನ್ನು 13 ಮಿ.ಮೀ. ಮಾಡಿದರೆ ಸಾಕು, ನೂರಕ್ಕೆ 38ರಷ್ಟು ಗಡುಸಾಗುತ್ತದೆ.

ತಿರುವಿನಲ್ಲಿ ಲಾಭವೆಷ್ಟು?

ತಿರುವಿನಲ್ಲಿ ಒಳಬದಿಯ ಟೈರಿನಿಂದ ಹೊರಬದಿಯ ಟೈರಿಗೆ ವರ್ಗವಾಗುವ ಭಾರ ಗುರುತ್ವಕೇಂದ್ರದ ಎತ್ತರವನ್ನು ಅವಲಂಬಿಸಿದೆ. ಆ ಎತ್ತರ 530ರಿಂದ 500 ಮಿ.ಮೀ.ಗೆ ಇಳಿದರೆ ವರ್ಗವಾಗುವ ಭಾರ ನೂರಕ್ಕೆ ಸುಮಾರು ಆರು ಪಾಲು ಕಡಿಮೆಯಾಗುತ್ತದೆ, ಅಷ್ಟೆ. ಇತ್ತ ಮ್ಯಾಕ್‌ಫರ್ಸನ್ ವ್ಯವಸ್ಥೆಯಲ್ಲಿ ಕಾರು ತಗ್ಗಿದಾಗ ಕೆಳತೋಳು ಚಕ್ರದ ಕಡೆಗೆ ಮೇಲ್ಮುಖವಾಗಿ ವಾಲುತ್ತದೆ. ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದು ಗುರುತ್ವಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ. ಅತಿಯಾಗಿ ತಗ್ಗಿಸಿದರೆ ಬಾಡಿಯನ್ನು ವಾಲಿಸುವ ಸನ್ನೆಯ ತೋಳು ಉದ್ದವಾಗಿ, ಲಾಭವೇ ಕರಗುತ್ತದೆ. ಆದ್ದರಿಂದ "ತಗ್ಗಿದಷ್ಟೂ ಒಳ್ಳೆಯದು" ಎಂಬ ಮಾತು ನಿಜವಲ್ಲ.

ನಮ್ಮ ರಸ್ತೆ, ನಮ್ಮ ಹಂಪ್

2018ರ ಸ್ವಿಫ್ಟಿನ ತಳ ನೆಲದಿಂದ 163 ಮಿ.ಮೀ. ಎತ್ತರದಲ್ಲಿದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ 2,450 ಮಿ.ಮೀ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾದರಿಯ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಅದರ ಕಮಾನಿನ ತ್ರಿಜ್ಯ 17 ಮೀಟರ್. ಈ ಅಗಲದಲ್ಲಿ ನಾಲ್ಕು ಚಕ್ರಗಳೂ ಹಂಪಿನ ಮೇಲೆಯೇ ಇರುವುದರಿಂದ, ಕಾರಿನ ನಡುವೆ ಉಬ್ಬು ಸುಮಾರು 44 ಮಿ.ಮೀ. ಮಾತ್ರ ಏರುತ್ತದೆ. ತಗ್ಗಿಸಿದ ಕಾರೂ ಸುಲಭವಾಗಿ ದಾಟುತ್ತದೆ. ಆದರೆ ಊರ ಮುಂದೆ ಜನರೇ ಹಾಕಿದ ಒಂದು ಅಡಿ ಅಗಲದ, ಅರ್ಧ ಅಡಿ ಎತ್ತರದ ಹಂಪನ್ನು ನೆನೆಯಿರಿ. ಅಲ್ಲಿ ಚಕ್ರಗಳು ಸಮನೆಲದಲ್ಲಿದ್ದು, 150 ಮಿ.ಮೀ. ಉಬ್ಬು ನೇರ ತಳದ ಕೆಳಗೆ ಬರುತ್ತದೆ. 30 ಮಿ.ಮೀ. ತಗ್ಗಿಸಿದ ಕಾರಿಗೆ ಉಳಿದಿರುವುದು 133 ಮಿ.ಮೀ.; ಐದು ಜನ ಕುಳಿತರೆ ಇನ್ನೂ ಕಡಿಮೆ. ತಳ ಉಜ್ಜದೆ ವಿಧಿಯಿಲ್ಲ.

ಆಯ್ಕೆಯ ಕ್ರಮ

1. ಮೊದಲು ದಾರಿಯನ್ನು ನೋಡಿ. ದಿನವೂ ಹೋಗುವ ರಸ್ತೆಯ ಹಂಪು, ಗುಂಡಿ, ಮನೆಯ ಇಳಿಜಾರು, ಒಯ್ಯುವ ಭಾರ ಇವುಗಳಿಂದ ಎಷ್ಟು ಮಿ.ಮೀ. ಬಿಟ್ಟುಕೊಡಬಹುದೆಂದು ನಿಶ್ಚಯಿಸಿ.

2. ನಿಮ್ಮ ಕಾರಿನ ಅದೇ ಮಾದರಿಗೆ, ಅದೇ ಎಂಜಿನ್ನಿಗೆ ಮಾಡಿದ ಸ್ಪ್ರಿಂಗನ್ನೇ ಕೇಳಿ. ಡೀಸೆಲ್ ಎಂಜಿನ್ ಪೆಟ್ರೋಲ್ ಎಂಜಿನ್ನಿಗಿಂತ ಭಾರ. ಒಂದರದು ಇನ್ನೊಂದಕ್ಕೆ ಸಲ್ಲದು.

3. ಆ ಸ್ಪ್ರಿಂಗಿಗೆ ಹೊಂದುವ ಸ್ಟ್ರಟ್ಟನ್ನು ಆರಿಸಿ. ಎರಡಕ್ಕೂ ಹಣ ಸಾಲದಿದ್ದರೆ ಕೆಲಸವನ್ನು ಮುಂದೂಡಿ.

4. ಎಡ ಬಲ ಎರಡನ್ನೂ ಒಟ್ಟಿಗೆ ಬದಲಿಸಿ. ಕುಗ್ಗಿದ ಸ್ಪ್ರಿಂಗಿನಲ್ಲಿ ಅಪಾರ ಬಲ ಅಡಗಿರುವುದರಿಂದ ಮನೆಯಲ್ಲಿ ಬಿಚ್ಚುವ ಸಾಹಸ ಬೇಡ.

5. ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಇಲ್ಲದಿದ್ದರೆ ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಹೆಡ್‌ಲೈಟಿನ ದಿಕ್ಕನ್ನೂ ಸರಿಪಡಿಸಿ.

ಕಾನೂನನ್ನು ಮರೆಯಬಾರದು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಹಣ ಖರ್ಚು ಮಾಡುವ ಮುನ್ನ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೂ ತಿಳಿಸಿ.

ಮಾಡಿ ನೋಡಿ

ಪ್ರಯೋಗಶಾಲೆಯ ಒಂದು ಸ್ಪ್ರಿಂಗಿಗೆ 200 ಗ್ರಾಂ ತೂಕ ನೇತುಹಾಕಿ, ಎಷ್ಟು ಹಿಗ್ಗಿತೆಂದು ಅಳೆಯಿರಿ. ಸ್ವಲ್ಪ ಎಳೆದು ಬಿಟ್ಟು, ಎಷ್ಟು ಸಲ ಕುಣಿದ ಮೇಲೆ ನಿಂತಿತೆಂದು ಎಣಿಸಿ. ಈಗ ತೂಕವನ್ನು ನೀರು ತುಂಬಿದ ಲೋಟದಲ್ಲಿ ಮುಳುಗಿಸಿ, ಅದನ್ನೇ ಮತ್ತೆ ಮಾಡಿ. ಕೊನೆಗೆ ನೀರಿನ ಬದಲು ಅಡುಗೆ ಎಣ್ಣೆ ಬಳಸಿ. ಸ್ಪ್ರಿಂಗ್ ಒಂದೇ ಇದ್ದರೂ ಕುಣಿತ ಬೇರೆಯಾಗುವುದನ್ನು ಕಾಣುವಿರಿ. ಸ್ಪ್ರಿಂಗಿಗೆ ತಕ್ಕ ಸ್ಟ್ರಟ್ ಏಕೆ ಬೇಕೆಂಬುದಕ್ಕೆ ಉತ್ತರ ಆ ಲೋಟದಲ್ಲೇ ಇದೆ.