ದೀಪದಡಿ ಹಿಂದಕ್ಕೆ ತಿರುಗುವ ಮರ

ಆಂಧ್ರದ ಆದವಾನಿ ಹತ್ತಿರದ ಪೆದ್ದಹರಿವಾಣಂನಿಂದ ಓದುಗರೊಬ್ಬರು ಬರೆದಿದ್ದಾರೆ: "ಮನೆಯ ಹಿಂದಿನ ಕೋಣೆಯಲ್ಲಿ ಸಣ್ಣ ಲೇತ್ ಇಟ್ಟುಕೊಂಡು ಲಟ್ಟಣಿಗೆ, ಕಡಗೋಲು, ತೊಟ್ಟಿಲ ಕಾಲು ಮಾಡುತ್ತೇನೆ. ಕಡಿಮೆ ಖರ್ಚಿನಲ್ಲಿ ಒಳ್ಳೆ ಬೆಳಕು ಮಾಡಿಕೊಳ್ಳುವುದು ಹೇಗೆ? ಇನ್ನೊಂದು ವಿಷಯ. ಹೊಸ ಎಲ್‌ಇಡಿ ಬಲ್ಬ್ ಹಾಕಿದ ಮೇಲೆ, ರಾತ್ರಿ ಲೇತಿಗೆ ಚೌಕದ ತುಂಡು ಕಟ್ಟಿ ಮೋಟಾರು ಹಾಕಿದರೆ ಅದು ನಿಧಾನಕ್ಕೆ ಹಿಂದಕ್ಕೆ ತಿರುಗಿದ ಹಾಗೆ ಕಾಣುತ್ತದೆ. ಹಗಲಲ್ಲಿ ಹಾಗಿಲ್ಲ. ದೃಷ್ಟಿಯಾಗಿದೆ ಅಂತ ಮನೆಯ ಹಿರಿಯರು ಲೇತಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದಾರೆ."

1953ರವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿದ್ದ ಸೀಮೆಯಿಂದ ಕನ್ನಡದಲ್ಲಿ ಇಂಥ ಪ್ರಶ್ನೆ ಬಂದದ್ದು ನನಗೆ ಹಬ್ಬದಷ್ಟು ಖುಷಿ ಕೊಟ್ಟಿತು. ಕೇಳಿದ್ದು ಬೆಳಕಿನ ಬಗ್ಗೆ. ಆದರೆ 'ಇನ್ನೊಂದು ವಿಷಯ' ಎಂದು ಸೇರಿಸಿದ್ದೇ ಹೆಚ್ಚು ಸೊಗಸಾದದ್ದು. ಅಪಾಯ ಅಡಗಿರುವುದೂ ಅಲ್ಲೇ. ಹಾಗಾಗಿ ಅದನ್ನೇ ಮೊದಲು ನೋಡೋಣ.

ನಮ್ಮ ಮನೆಗಳಿಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೊನೆಯುತ್ತದೆ. ಒಂದೊಂದು ತೊನೆತದಲ್ಲೂ ಎರಡು ಸಲ ಸೊನ್ನೆಗೆ ಇಳಿದು ಏಳುತ್ತದೆ. ಅಂದರೆ ಸೆಕೆಂಡಿಗೆ 100 ಸಲ ಬಲ್ಬಿಗೆ ಶಕ್ತಿ ಕೈಕೊಡುತ್ತದೆ. ಹಳೆಯ ತಂತಿ ಬಲ್ಬಿಗೆ ಇದು ತಾಗುತ್ತಿರಲಿಲ್ಲ. ಕೆಂಪಗೆ ಕಾದ ತಂತಿ ಅಷ್ಟು ಬೇಗ ಆರುವುದಿಲ್ಲ. ಎಲ್‌ಇಡಿ ಹಾಗಲ್ಲ, ಕರೆಂಟು ಇಳಿದ ಕ್ಷಣವೇ ಅದರ ಬೆಳಕೂ ಇಳಿಯುತ್ತದೆ. ಒಳ್ಳೆಯ ಬಲ್ಬಿನಲ್ಲಿ ಈ ಏರಿಳಿತವನ್ನು ಸಮ ಮಾಡಲು ಒಂದು ಕೆಪಾಸಿಟರ್ ಇರುತ್ತದೆ. ತೀರ ಅಗ್ಗದ ಬಲ್ಬುಗಳಲ್ಲಿ ಕೆಲವು ಸಲ ಉಳಿತಾಯದ ಕತ್ತರಿ ಬೀಳುವುದು ಅದರ ಮೇಲೇ. ಆಗ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಕಣ್ಣಿಗೆ ಮಾತ್ರ ಗೊತ್ತಾಗುವುದಿಲ್ಲ.

ಇನ್ನು ಲೇತಿನ ಮೋಟಾರು. ಅದೂ ಅದೇ ಕರೆಂಟಿನ ಕೂಸು. ಸಣ್ಣ ಲೇತುಗಳಿಗೆ ಸಾಮಾನ್ಯವಾಗಿ ಹಾಕುವ ನಾಲ್ಕು ಧ್ರುವಗಳ ಇಂಡಕ್ಷನ್ ಮೋಟಾರಿನೊಳಗೆ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ಸುತ್ತುತ್ತದೆ. ಮೋಟಾರಿನ ತಿರುಗು ಭಾಗ ಅದನ್ನು ಅಟ್ಟಿಸಿಕೊಂಡು ಓಡುತ್ತದೆ, ಆದರೆ ಪೂರ್ತಿ ಮುಟ್ಟುವುದಿಲ್ಲ. ಹೊರೆ ಬಿದ್ದಾಗ ಅದರ ವೇಗ ಸುಮಾರು 1440.

ಮೋಟಾರಿನ ಪುಲ್ಲಿ, ಲೇತಿನ ಪುಲ್ಲಿ ಒಂದೇ ಅಳತೆಯವು ಎಂದುಕೊಳ್ಳಿ. ಆಗ ಮರವೂ ನಿಮಿಷಕ್ಕೆ 1440 ಸುತ್ತು, ಅಂದರೆ ಸೆಕೆಂಡಿಗೆ 24 ಸುತ್ತು ತಿರುಗುತ್ತದೆ. ಒಂದು ಮಿನುಗಿನಿಂದ ಮುಂದಿನ ಮಿನುಗಿಗೆ ಸೆಕೆಂಡಿನ ನೂರನೇ ಒಂದು ಭಾಗ. ಅಷ್ಟರಲ್ಲಿ ಮರ 86.4 ಡಿಗ್ರಿ ತಿರುಗಿರುತ್ತದೆ. ಚೌಕದ ತುಂಡಿಗೆ ನಾಲ್ಕು ಮುಖ, ನಾಲ್ಕೂ ಒಂದೇ ತರಹ. ಸರಿಯಾಗಿ 90 ಡಿಗ್ರಿ ತಿರುಗಿದ್ದರೆ ಒಂದು ಮುಖದ ಜಾಗದಲ್ಲಿ ಇನ್ನೊಂದು ಬಂದು ಕೂತು, ಮರ ಅಲುಗಾಡದೆ ನಿಂತಂತೆ ಕಾಣುತ್ತಿತ್ತು. ಇಲ್ಲಿ 3.6 ಡಿಗ್ರಿ ಕಡಿಮೆ ಬಿದ್ದಿದೆ. ಪ್ರತಿ ಮಿನುಗಿಗೂ ಮೂಲೆ 3.6 ಡಿಗ್ರಿ ಹಿಂದೆ ಸರಿದಂತೆ ಕಣ್ಣಿಗೆ ತೋರುತ್ತದೆ. ಸೆಕೆಂಡಿಗೆ 100 ಮಿನುಗು, ನೂರು ಸಲ 3.6 ಡಿಗ್ರಿ ಅಂದರೆ 360. ಸೆಕೆಂಡಿಗೆ ಸರಿಯಾಗಿ ಒಂದು ಸುತ್ತು, ಹಿಂದಕ್ಕೆ!

ಎಷ್ಟು ಚೊಕ್ಕ ಲೆಕ್ಕ ನೋಡಿ. 1500ರಲ್ಲಿ 1440 ಕಳೆದರೆ 60. ಮೋಟಾರು ನಿಮಿಷಕ್ಕೆ ಎಷ್ಟು ಸುತ್ತು ಹಿಂದೆ ಬಿದ್ದಿದೆಯೋ ಅಷ್ಟೇ ಸುತ್ತು ಮರ ಹಿಂದಕ್ಕೆ ತಿರುಗಿದಂತೆ ಕಾಣುತ್ತದೆ. ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಮೋಟಾರಿನ ಈ ಹಿಂಬೀಳಿಕೆಯನ್ನು ಅಳೆಯುವ ಒಂದು ಕ್ರಮವೂ ಇದೇ. ದೀಪವೂ ಮೋಟಾರೂ ಒಂದೇ ಕರೆಂಟಿನ ತಾಳಕ್ಕೆ ಕುಣಿಯುವುದರಿಂದ ಇದು ಅಪರೂಪದ ಕಾಕತಾಳೀಯವಲ್ಲ, ಆಗಲೇಬೇಕಾದ ಸಂಗತಿ. ಚನ್ನಪಟ್ಟಣದವರು ಹಾಲೆಮರದ ಗೊಂಬೆಗಳನ್ನು ಕೈಯಿಂದ ತಿರುಗಿಸುವ ಲೇತಿನಲ್ಲಿ ಕಡೆಯುತ್ತಿದ್ದ ಕಾಲಕ್ಕೆ ಇಂಥ ಭ್ರಮೆಗೆ ಎಡೆಯೇ ಇರಲಿಲ್ಲ. ತಿರುಗುವ ವಸ್ತುವನ್ನು ಬಿಟ್ಟು ಬಿಟ್ಟು ನೋಡಿದರೆ ನಿಂತಂತೆ ಕಾಣುತ್ತದೆಂಬುದನ್ನು 1832ರ ಹೊತ್ತಿಗೇ ಬೆಲ್ಜಿಯಂನ ಪ್ಲಾಟೋ ಮತ್ತು ವಿಯೆನ್ನಾದ ಸ್ಟಾಂಫರ್ ಬೇರೆ ಬೇರೆಯಾಗಿ ಕಂಡುಕೊಂಡು ಆಟಿಕೆ ಮಾಡಿದ್ದರು.

ಲೇತಿನ ಮುಂದೆ ಇದು ಆಟವಲ್ಲ. ಕಡೆಯುವ ಕೆಲಸದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಈ ಚೌಕದ ಹಂತದಲ್ಲೇ. ಸೆಕೆಂಡಿಗೆ 96 ಸಲ ಮೂಲೆಗಳು ಬಂದು ಬಡಿಯುತ್ತವೆ. ಅಷ್ಟು ಜೋರಾಗಿ ತಿರುಗುವ ಮರ, ಮಸುಕಾಗಿಯಾದರೂ, ಮೆಲ್ಲಗೆ ಹೊರಳುವಂತೆ ಕಂಡರೆ ಬೆರಳು ಎಲ್ಲಿಗೆ ಹೋದೀತು? ಹಿರಿಯರ ಕಾಳಜಿ ನನಗೆ ಅರ್ಥವಾಗುತ್ತದೆ. ಅಮಾವಾಸ್ಯೆಗೆ ಉಳಿ ಕೆಳಗಿಡುವ ಬಡಗಿಗಳ ಪದ್ಧತಿಗೂ ನನ್ನ ತಕರಾರಿಲ್ಲ, ದುಡಿದ ಕೈಗೆ ಬಿಡುವು ಬೇಕು. ಆದರೆ ನಿಂಬೆಹಣ್ಣಿನ ವಿಷಯದಲ್ಲಿ ನಾನು ಖಂಡಿತ ಒಪ್ಪುವುದಿಲ್ಲ. ಅದು ಬೆರಳು ಕಾಯುವುದಿಲ್ಲ. ಕಾರಣ ಸಿಕ್ಕಿತು ಎಂದು ಮನಸ್ಸಿಗೆ ಸಮಾಧಾನ ಹೇಳಿ, ನಿಜವಾದ ಕಾರಣ ಹುಡುಕದಂತೆ ಮಾಡುತ್ತದೆ. ಅದೂ ಅಲ್ಲದೆ ತಿರುಗುವ ಯಂತ್ರದ ಹತ್ತಿರ ದಾರ ಜೋತಾಡುವುದೇ ಒಂದು ಅಪಾಯ. ಇವತ್ತೇ ಬಿಚ್ಚಿಬಿಡಿ.

ಬಲ್ಬಿನ ಪರೀಕ್ಷೆಗೆ ಕಾಸು ಖರ್ಚಿಲ್ಲ. ಆ ಒಂದೇ ದೀಪದಡಿ, ಕಪ್ಪು ಬಟ್ಟೆಯ ಮುಂದೆ ಬಿಳಿ ಪೆನ್ನನ್ನು ಬೀಸಣಿಗೆಯಂತೆ ಜೋರಾಗಿ ಆಡಿಸಿ. ಬೆಳಕು ಸಮವಾಗಿದ್ದರೆ ಪೆನ್ನು ಒಂದೇ ಮಬ್ಬು ಪರದೆಯಾಗಿ ಕಾಣುತ್ತದೆ. ಮಿನುಗುವ ದೀಪದಡಿ ಬಿಡಿ ಬಿಡಿ ಪೆನ್ನುಗಳು ಸಾಲಾಗಿ ಕಾಣುತ್ತವೆ. ಮೊಬೈಲ್ ಕ್ಯಾಮೆರಾ ಹಿಡಿದರೆ ಪರದೆಯ ಮೇಲೆ ಕಪ್ಪು ಪಟ್ಟೆ ಹರಿಯುವುದೂ ಉಂಟು, ಆದರೆ ಕೆಲವು ಫೋನುಗಳು ಅದನ್ನು ತಾವೇ ಅಳಿಸಿಬಿಡುತ್ತವೆ. ನನಗೆ ಪೆನ್ನಿನ ಮೇಲೇ ನಂಬಿಕೆ. ನಮ್ಮ ಮನೆಯ ದೀಪಗಳನ್ನೆಲ್ಲ ಹೀಗೆ ನೋಡಿದ್ದೇನೆ, ಹೊರನೋಟಕ್ಕೆ ಒಂದೇ ತರಹದ ಬಲ್ಬುಗಳ ನಡುವೆಯೂ ವ್ಯತ್ಯಾಸ ಢಾಳಾಗಿ ಕಂಡಿತು.

ಈ ಮಿನುಗಿನ ಭ್ರಮೆ ತಪ್ಪಿಸಲು ಕಾರ್ಖಾನೆಗಳಲ್ಲಿ ಟ್ಯೂಬ್‌ಲೈಟುಗಳನ್ನು ಮೂರು ಫೇಸಿಗೆ ಹಂಚಿ ಕಟ್ಟುತ್ತಿದ್ದರು, ಒಂದು ಮಂಕಾದಾಗ ಇನ್ನೊಂದು ಬೆಳಗಲೆಂದು. ಮನೆಗೆ ಅಷ್ಟೆಲ್ಲ ಬೇಡ. ಮೊಬೈಲ್ ಚಾರ್ಜರಿಗೆ ಸಿಕ್ಕಿಸುವ, ಕತ್ತು ಬಗ್ಗುವ ಯುಎಸ್‌ಬಿ ದೀಪ ಸಾಕು. ಅದಕ್ಕೆ ಹೋಗುವುದು ನೇರ ಕರೆಂಟು, ಮೇಲಾಗಿ ಪವರ್ ಬ್ಯಾಂಕಿನ ಮೇಲೂ ಉರಿಯುತ್ತದೆ. ಬೆಳಕು ಹೆಚ್ಚು ಕಡಿಮೆ ಮಾಡುವ ಗುಂಡಿ ಇದ್ದರೆ ಮಂದ ಇಟ್ಟು ಪೆನ್ನು ಆಡಿಸಿ ನೋಡಿ, ಅಂಥವುಗಳಲ್ಲಿ ಕೆಲವು ಮಂದ ಇಟ್ಟಾಗ ಮಿನುಗುತ್ತವೆ.

ಇನ್ನು ಮೊದಲ ಪ್ರಶ್ನೆ. ಬೆಳಕು ಸಾಲದಿದ್ದರೆ ಸೂರಿಗೆ ದೊಡ್ಡ ಬಲ್ಬ್ ಹಾಕುವುದು ಎಲ್ಲರ ಅಭ್ಯಾಸ. ಅದು ದುಡ್ಡು ದಂಡ. ಕೆಲಸದಿಂದ ಎಂಟು ಅಡಿ ಮೇಲಿದ್ದ ಬಲ್ಬನ್ನು ಎರಡು ಅಡಿಗೆ ತಂದರೆ ಅದರಿಂದ ನೇರವಾಗಿ ಬೀಳುವ ಬೆಳಕು 16 ಪಟ್ಟು ಹೆಚ್ಚುತ್ತದೆ. ದೂರ ನಾಲ್ಕನೇ ಒಂದಾದರೆ ಬೆಳಕು ನಾಲ್ಕು ನಾಲ್ಕಲೆ ಹದಿನಾರು. ಬಲಗೈಯವರಾದರೆ ದೀಪ ಎಡಕ್ಕಿರಲಿ, ಉಳಿಯ ನೆರಳು ಗೀಟಿನ ಮೇಲೆ ಬೀಳುವುದಿಲ್ಲ. ಉಜ್ಜುಕಾಗದ ಹಾಕಿದ ಮೇಲೆ ಅದೇ ದೀಪವನ್ನು ಹಲಗೆಯ ಮಟ್ಟಕ್ಕೆ ಇಳಿಸಿ ಓರೆಯಾಗಿ ಹಾಯಿಸಿ. ಮೇಲಿನಿಂದ ನುಣ್ಣಗೆ ಕಂಡ ಮರದ ಮೇಲೆ ಗೀರು, ಹತ್ತರಿಯ ಅಲೆ ಎಲ್ಲ ನೆರಳು ಚೆಲ್ಲಿ ಎದ್ದು ಕಾಣುತ್ತವೆ. ಕೋಣೆಯ ಗೋಡೆಗೆ ಸುಣ್ಣ ಬಳಿದರೆ ಇರುವ ಬೆಳಕೇ ಹಬ್ಬುತ್ತದೆ. ಹಳೆ ಮಾಳಿಗೆಯ ಬೆಳಕಿಂಡಿ ಮುಚ್ಚಿದ್ದರೆ ತೆರೆಯಿರಿ, ಸೂರ್ಯ ಮಿನುಗುವುದಿಲ್ಲ. ಹ್ಯಾಲೋಜನ್ ದೀಪ ಮಾತ್ರ ಬೇಡ, ಮರದ ಹೊಟ್ಟಿಗೆ ಅದರ ಕಾವು ಒಳ್ಳೆಯದಲ್ಲ.

ಆದವಾನಿ ಪೇಟೆಗೆ ಹೋದಾಗ ಜೇಬಿನಲ್ಲಿ ಒಂದು ಬಿಳಿ ಪೆನ್ನು ಇರಲಿ. ಅಂಗಡಿಯಲ್ಲೇ ದೀಪ ಹಾಕಿಸಿ, ಆಡಿಸಿ ನೋಡಿ, ಆಮೇಲೆ ದುಡ್ಡು ಕೊಡಿ.